ಅತಿಥಿಗಳಿಗೆ ಒಂದು ತುತ್ತಿನ ತತ್ತಿ-ಕೋಫ್ತಾ

ಅತಿಥಿಸತ್ಕಾರವನ್ನು ನಮ್ಮ ಹಿರಿಯರು ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಒಂದನ್ನಾಗಿ ಎಣಿಸಿದರು. ಆ ಧರ್ಮವು ಇಂದಿಗೂ ಹಾಗೆಯೇ ಇರುವದಾದರೂ ಅದನ್ನು ನಡೆಸುವ ರೀತಿಯು ಬಹಳ ಮಾರ್ಪಟ್ಟಿದೆ. ಹಿಂದಕ್ಕೆ ಬಂದವರೆಲ್ಲರೂ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಈಗ ವಿಜಯಪುರದಂಥ ಪಟ್ಟಣದಲ್ಲಿ ಮಗನ ಬಡ್ತಿಗೋ ಮೊಮ್ಮಗಳ ಹುಟ್ಟುಹಬ್ಬಕ್ಕೋ ಮೂವತ್ತು ಜನರು ಕೂಡಿದರೆ, ಊಟಕ್ಕೆ ಮುಂಚೆ ನಿಂತುಕೊಂಡೇ ಮಾತಾಡುತ್ತ ಏನಾದರೂ ತಿನ್ನುವ ವಾಡಿಕೆಯು ಬಿದ್ದಿದೆ. ಅಂಥ ಹೊತ್ತಿಗೆ ಒದಗುವ ತಿಂಡಿಯು ಬಟ್ಟೆಯ ಮೇಲೆ ಚೆಲ್ಲಬಾರದು, ಒಂದೇ ಕೈಯಲ್ಲಿ ಹಿಡಿಯಲು ಬರಬೇಕು, ಒಂದೇ ತುತ್ತಿಗೆ ಮುಗಿಯಬೇಕು. ಈ ಲಕ್ಷಣಗಳುಳ್ಳ ಒಂದು ಪದಾರ್ಥವನ್ನು ಈ ಸಲ ವಿವರಿಸುವೆವು. ಆಂಗ್ಲರು ಇದಕ್ಕೆ ಸ್ಕಾಚ್ ಎಗ್ ಎನ್ನುವರು. ಬೇಯಿಸಿದ ತತ್ತಿಗೆ ಖೀಮಾದ ಹೊದಿಕೆಯನ್ನು ಹೊದಿಸಿ, ಮೇಲೆ ಪುಡಿ ಹಚ್ಚಿ ಎಣ್ಣೆಯಲ್ಲಿ ಕರಿಯುವದೇ ಇದರ ಸ್ವರೂಪವು.

ಹೆಸರಿನಲ್ಲಿ ಸ್ಕಾಟ್ಲಂಡ ದೇಶವಿದ್ದರೂ ಇದು ಅಲ್ಲಿಯೇ ಹುಟ್ಟಿತೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಲಂಡನ್ನಿನ ಫೋರ್ಟ್‌ನಮ್ ಮತ್ತು ಮೇಸನ್ ಎಂಬ ಅಂಗಡಿಯವರು ತಾವೇ 1738ರಲ್ಲಿ ಇದನ್ನು ಮೊದಲು ಮಾಡಿದೆವೆನ್ನುವರು. ಮರಾಯಾ ರಂಡೆಲ್ ಎಂಬ ಗೃಹಿಣಿಯ ಪಾಕಗ್ರಂಥದ 1809ರ ಆವೃತ್ತಿಯಲ್ಲಿ ಇದರ ವಿಧಿಯು ಅಚ್ಚಾಗಿದೆ. ನಮ್ಮ ದೇಶದಲ್ಲಿ ಇದಕ್ಕೆ ನರ್ಗಿಸಿ ಕೋಫ್ತಾ ಎಂಬ ಸೋದರ ಪದಾರ್ಥವುಂಟು. ಫಾರಸಿ ಭಾಷೆಯಲ್ಲಿ ಕೋಫ್ತಾ ಎಂದರೆ ಕುಟ್ಟಿದ್ದು. ನರ್ಗಿಸ್ ಎಂಬುದು ಬಿಳಿಯ ಎಸಳುಗಳ ನಡುವೆ ಹಳದಿಯ ಬಟ್ಟಲುಳ್ಳ ಒಂದು ಹೂವು. ಕೋಫ್ತಾವನ್ನು ಕೊಯ್ದಾಗ ಬಿಳಿಯ ನಡುವೆ ಹಳದಿಯು ಕಾಣಿಸುವದರಿಂದ ಈ ಹೆಸರು ಬಂದಿತು. ಫಾರಸಿಯು ಆದಿಲಶಾಹಿ ಆಸ್ಥಾನದ ಭಾಷೆಯಾಗಿದ್ದ ನಮ್ಮ ಊರಿಗೆ ಈ ಶಬ್ದಗಳು ಪರಕೀಯವಲ್ಲ.

ಒಂದರ ಒಡಲಲ್ಲಿ ಇನ್ನೊಂದನ್ನು ಅಡಗಿಸುವ ಕೌಶಲವಂತೂ ಕನ್ನಡನಾಡಿಗೆ ಅದಕ್ಕಿಂತಲೂ ಹಳೆಯದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ, ಅರೆದ ಮಾಂಸಕ್ಕೆ ಸಂಬಾರ ಕೂಡಿಸಿ ಉಂಡೆ ಕಟ್ಟುವದನ್ನೂ, ಟೊಳ್ಳು ಮಾಡಿದ ಬದನೆಕಾಯಿಯಲ್ಲಿ ಅದನ್ನು ತುಂಬುವದನ್ನೂ ಹೇಳಿದೆ. ನಮ್ಮ ಗೃಹಿಣಿಯರು ದಿನವೂ ಮಾಡುವ ಎಣಗಾಯಿಯೂ ಹಬ್ಬದ ಹೋಳಿಗೆಯೂ ಇದೇ ಕುಲದವು. ಹೂರಣವೆಂಬುದು ಸಂಸ್ಕೃತದ ಪೂರಣವೇ, ತುಂಬುವದು ಎಂದರ್ಥ. ಹೋಳಿಗೆ ಬಲ್ಲವಳಿಗೆ ಈ ಪದಾರ್ಥವು ಕಠಿಣವೆನಿಸದು.

ಆದರೆ ಒಳಗಿರುವದು ಹೊರಗೆ ಕಾಣದ ತಿಂಡಿಯಲ್ಲಿ ಒಂದು ಹೊಣೆಯಿದೆ. ಅತಿಥಿಯು ಅದನ್ನು ಒಡೆದು ನೋಡದೆ ಬಾಯಿಗೆ ಹಾಕಿಕೊಳ್ಳುವನು. ಎಂದರೆ ಯಜಮಾನನ ಮಾತನ್ನೇ ನಂಬಿ ನುಂಗುವನು. ಒಳಗೆ ಹಸಿಯಾಗಿದ್ದರೆ ಅವನ ಆರೋಗ್ಯವು ಕೆಡುವದು. ತಿನ್ನಬಾರದ್ದು ಇದ್ದರೆ ಅವನ ವ್ರತವು ಕೆಡುವದು. ಆದುದರಿಂದ ಈ ಪಾಕದಲ್ಲಿ ರುಚಿಗಿಂತಲೂ ಮೊದಲು ನೋಡತಕ್ಕದ್ದು ವಿಶ್ವಾಸವನ್ನು.

ಗಾತ್ರವು ಸಣ್ಣದಾಗಲು ಲಾವಕ್ಕಿಯ ತತ್ತಿಯೇ ಉತ್ತಮವು; ಪೇಟೆಯಲ್ಲಿ ಕ್ವೇಲ್ ತತ್ತಿ ಎಂದು ಕೇಳಬೇಕು. ಕೋಳಿಯ ತತ್ತಿಯು ಐವತ್ತು ಗ್ರಾಮಿನಷ್ಟು ತೂಗಿದರೆ ಇದು ಹತ್ತು ಗ್ರಾಮು ಮಾತ್ರ. ಸಾಕುವ ಜಪಾನಿ ಲಾವಕ್ಕಿಗಳನ್ನು 1974ರಲ್ಲಿ ನಮ್ಮ ದೇಶಕ್ಕೆ ತರಲಾಯಿತು. ಮಾರುವ ತತ್ತಿಗಳು ಅವುಗಳವೇ. ಹೊಲದಲ್ಲಿರುವ ಕಾಡು ಲಾವಕ್ಕಿಗಳ ಗೂಡಿಗೆ ಕೈ ಹಚ್ಚುವದು ಕಾಯದೆಗೆ ವಿರುದ್ಧವು. ಲಾವಕ್ಕಿಯದು ಸಿಗದಿದ್ದರೆ ಕೋಳಿಯ ಮೂರು ತತ್ತಿಗಳನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಒಂದೊಂದನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿದರೆ ಹನ್ನೆರಡು ಆಗುವವು. ತತ್ತಿಯನ್ನು ನೀರಲ್ಲಿ ಬಿಟ್ಟು ಪರೀಕ್ಷಿಸಬೇಕು: ತಳದಲ್ಲಿ ಅಡ್ಡ ಮಲಗಿದ್ದು ತಾಜಾ, ತೇಲಿದ್ದು ತ್ಯಾಜ್ಯ.

ಲಾವಕ್ಕಿಯ ಹನ್ನೆರಡು ತತ್ತಿಗಳನ್ನು ಕುದಿಯುವ ನೀರಿನಲ್ಲಿ ಮೆಲ್ಲನೆ ಇಳಿಸಿ ನಾಲ್ಕು ನಿಮಿಷ ಬೇಯಿಸಿ, ಕೂಡಲೇ ತಣ್ಣೀರಿಗೆ ಹಾಕಿ ಸಿಪ್ಪೆ ಸುಲಿಯಬೇಕು. ಕುರಿಯ ಅಥವಾ ಕೋಳಿಯ ಸಣ್ಣ ಖೀಮಾ 300 ಗ್ರಾಮು ತಕ್ಕೊಂಡು, ಅರೆದ ಹಸಿಶುಂಠಿ ಮತ್ತು ಬಳ್ಳೊಳ್ಳಿ, ಖಾರಪುಡಿ, ಗರಮ ಮಸಾಲೆ, ಹೆಚ್ಚಿದ ಕೊತ್ತಂಬರಿ, ಉಪ್ಪು, ಎರಡು ಚಮಚೆ ಪುಟಾಣಿ ಹಿಟ್ಟು ಕೂಡಿಸಿ ನೀರು ಹಾಕದೆ ಚೆನ್ನಾಗಿ ನಾದಬೇಕು. ಇದರಲ್ಲಿ ಹನ್ನೆರಡು ಭಾಗ ಮಾಡಿ, ತೊಯ್ಯಿಸಿದ ಅಂಗೈಯಲ್ಲಿ ಒಂದನ್ನು ತಟ್ಟಿ, ಹಿಟ್ಟಿನಲ್ಲಿ ಹೊರಳಿಸಿದ ತತ್ತಿಯನ್ನು ನಡುವೆ ಇಟ್ಟು, ಹೋಳಿಗೆಯ ಕಣಕವನ್ನು ಮುಚ್ಚಿದಂತೆ ಎಲ್ಲ ಕಡೆಗೂ ಸಮನಾಗಿ ಮುಚ್ಚಬೇಕು. ಒಳಗೆ ಗಾಳಿ ಉಳಿದರೆ ಎಣ್ಣೆಯಲ್ಲಿ ಒಡೆಯುವದು.

ಮೇಲಿನ ಪುಡಿಗೆ ಪಾಶ್ಚಾತ್ಯರು ಪಾವು-ರೊಟ್ಟಿಯನ್ನು ಬಳಸುವರು. ನಮ್ಮ ಸೀಮೆಯಲ್ಲಿ ಜೋಳದ ಕಡಕ ರೊಟ್ಟಿಯಿರಲು ಅದರ ಹಂಗೇಕೆ? ಅದನ್ನು ರವೆಯಷ್ಟು ಸಣ್ಣಗೆ ಕುಟ್ಟಿ, ಉಂಡೆಗಳನ್ನು ಒಡೆದು ಕಲಕಿದ ತತ್ತಿಯಲ್ಲಿ ಅದ್ದಿ, ಈ ಪುಡಿಯಲ್ಲಿ ಹೊರಳಿಸಿ ಅರ್ಧ ತಾಸು ತಂಪಿನಲ್ಲಿಡಬೇಕು. ಆಮೇಲೆ ಮಧ್ಯಮ ಉರಿಯಲ್ಲಿ, ಒಂದು ಸಲಕ್ಕೆ ನಾಲ್ಕರಂತೆ, ಐದಾರು ನಿಮಿಷ ತಿರುವುತ್ತ ಕರಿಯಬೇಕು. ಉರಿಯು ತೀವ್ರವಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿಯುವದು. ಜೋಳದ ಪುಡಿಯಂತೂ ಬೇಗನೆ ಕೆಂಪೇರುವದು. ಬಣ್ಣವನ್ನೇ ನಂಬದೆ, ಪ್ರತಿಯೊಂದು ಸಲವೂ ಒಂದನ್ನು ಕೊಯ್ದು ನೋಡಬೇಕು. ಖೀಮಾದಲ್ಲಿ ಕೆಂಪು ಛಾಯೆಯು ಲೇಶವೂ ಇರಕೂಡದು. ಉಷ್ಣಮಾಪಕವಿದ್ದವರು ಒಳಗಿನ ಶಾಖವು 74 ಡಿಗ್ರಿ ಸೆಲ್ಸಿಯಸ್ ಮುಟ್ಟಿತೋ ನೋಡಲಿ. ಸಾಲ್ಮೊನೆಲ್ಲಾದಂಥ ರೋಗಾಣುಗಳು ಅಷ್ಟಕ್ಕೆ ನಾಶವಾಗುವವು. ನಮ್ಮ ಚೈತ್ರ-ವೈಶಾಖದ ಬಿಸಿಲಿನಲ್ಲಿ ಕರಿದದ್ದನ್ನು ಒಂದು ತಾಸಿಗಿಂತ ಹೆಚ್ಚು ಹೊರಗೆ ಇಡಬಾರದು.

ಇನ್ನು ತತ್ತಿಯನ್ನೂ ಮಾಂಸವನ್ನೂ ಮುಟ್ಟದ ಅತಿಥಿಗಳ ಮಾತು. ನಮ್ಮ ಜಿಲ್ಲೆಯಲ್ಲಿ ಇಂಥವರಿಲ್ಲದ ಕೂಟವೇ ವಿರಳ. ಅವರಿಗೆ ಬರಿಯ ಫಲಾಹಾರ ಕೊಟ್ಟು ಬದಿಗೆ ನಿಲ್ಲಿಸುವದು ಸತ್ಕಾರವಲ್ಲ. ಬೇಯಿಸಿ ನಾದಿದ ಬಟಾಟಿಗೆ ಪುಟಾಣಿ ಹಿಟ್ಟನ್ನೂ ಮಸಾಲೆಯನ್ನೂ ಕೂಡಿಸಿ ಹೊದಿಕೆ ಮಾಡಬೇಕು. ಒಳಗೆ ತತ್ತಿಯ ಬದಲು ಪನೀರಿನ ಸಣ್ಣ ಉಂಡೆ, ಅದರ ನಡುವೆ ಟಿಕೋಟಾದ ಒಂದು ಒಣದ್ರಾಕ್ಷಿ. ಪುಡಿ ಹಿಡಿಯಲು ತೆಳ್ಳಗೆ ಕಲಸಿದ ಕಡಲೆಹಿಟ್ಟು ಸಾಕು. ಆದರೆ ಇವನ್ನು ಮೊದಲು, ಬೇರೆ ಕಡಾಯಿಯಲ್ಲಿ, ಬೇರೆ ಎಣ್ಣೆಯಲ್ಲಿ ಕರಿಯಬೇಕು. ಝಾರಿಯೂ ಬೇರೆಯೇ ಇರಲಿ. ತತ್ತಿಯದಕ್ಕೆ ದುಂಡು ಆಕಾರ, ಇದಕ್ಕೆ ಉದ್ದನೆಯ ಆಕಾರ ಕೊಟ್ಟು, ಬೇರೆ ತಾಟಿನಲ್ಲಿಟ್ಟು, ಯಾವದು ಏನೆಂಬುದನ್ನು ಬಾಯಿಬಿಟ್ಟು ಹೇಳಬೇಕು. ಕೇಳಿದರೆ ಹೇಳಿದರಾಯಿತೆಂಬುದು ಸರಿಯಲ್ಲ. ಸಂಕೋಚದವರು ಕೇಳುವದೇ ಇಲ್ಲ.

ಎರಡಕ್ಕೂ ಒಪ್ಪುವ ಚಟ್ನಿಯೊಂದುಂಟು. ಟಿಕೋಟಾ, ಬಬಲೇಶ್ವರಗಳ ಕಡೆಯ ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ, ಕೆಂಪು ಮೆಣಸಿನಕಾಯಿ, ಹುರಿದ ಜೀರಿಗೆ, ಉಪ್ಪು ಕೂಡಿಸಿ ಅರೆದು ಇಂಡಿಯ ಲಿಂಬೆಯ ರಸ ಹಿಂಡಿದರೆ ಹುಳಿ, ಸಿಹಿ, ಖಾರಗಳು ಮೂರೂ ಕೂಡುವವು. ದೂರದ ದ್ವೀಪದ ತಿಂಡಿಯು ಹೀಗೆ ನಮ್ಮ ಜೋಳ, ದ್ರಾಕ್ಷಿ, ಲಿಂಬೆಗಳ ಸಂಗಡ ಒಂದೇ ತಾಟಿನಲ್ಲಿ ನೆಲೆಸುವದು.

ತಿಂಡಿಯು ಒಂದು ತುತ್ತಿನದಾದರೂ ಅದನ್ನು ಬಡಿಸುವವನ ಮಾತಿನ ತೂಕವು ಸಣ್ಣದಲ್ಲ. ಒಳಗಿದ್ದುದನ್ನು ಮರೆಮಾಚದೆ ತಿಳಿಸಿ ಬಡಿಸಿದ ಮನೆಯಲ್ಲಿ ಅತಿಥಿಯು ಎರಡನೆಯ ತುತ್ತಿಗೂ ನಿಶ್ಶಂಕೆಯಿಂದ ಕೈ ಚಾಚುವನು.