ಕಡಲಪಾಚಿಯ ಪ್ರಸಾಧನದ್ರವ್ಯಗಳೂ ‘ಸಾವಯವ’ ಮುದ್ರೆಯೂ

‘ಸಾವಯವ’ ಎಂಬ ಶಬ್ದಕ್ಕೆ ತರ್ಕಶಾಸ್ತ್ರದಲ್ಲಿ ಅವಯವಗಳಿಂದ ಕೂಡಿದುದು ಎಂದು ಅರ್ಥ. ರಸಾಯನಶಾಸ್ತ್ರದಲ್ಲಿ ಅದು ಇಂಗಾಲದ ಸಂಯುಕ್ತಗಳಿಗೆ ಸಲ್ಲುವುದರಿಂದ, ಕಲ್ಲೆಣ್ಣೆಯಿಂದ ತೆಗೆದ ಮೇಣವೂ ಅಲ್ಲಿ ಸಾವಯವವೇ. ಕೃಷಿಯಲ್ಲಾದರೋ ಕೃತಕ ಗೊಬ್ಬರ, ಕೀಟನಾಶಕಗಳಿಲ್ಲದೆ ಬೆಳೆದುದಕ್ಕೆ ಈ ಹೆಸರು. ಉಳುವವರೂ ಬಿತ್ತುವವರೂ ಇಲ್ಲದ ಕಡಲಿನ ಪಾಚಿಯಿಂದಾದ ಮುಖಲೇಪದ ಡಬ್ಬಿಯ ಮೇಲೆ ಇದೇ ಶಬ್ದವು ಅಚ್ಚಾದಾಗ ಅದರ ಅರ್ಥವೇನೆಂಬುದು ವಿಚಾರಾರ್ಹವಾಗಿದೆ.

ಫ್ರಾನ್ಸಿನ ಬ್ರಿಟನಿ ತೀರದಲ್ಲಿ ಲ್ಯಾಮಿನೇರಿಯಾ ಎಂಬ ಕಂದುಪಾಚಿಯನ್ನು ದೋಣಿಗಳಲ್ಲಿ ಹೋಗಿ ಕೊಯ್ಯುವರು. ಅದರಿಂದ ಆಲ್ಜಿನೇಟೂ, ಕೆಂಪುಪಾಚಿಗಳಿಂದ ಅಗರ್ ಮತ್ತು ಕ್ಯಾರಜೀನನ್ ಎಂಬುವೂ ದೊರೆಯುತ್ತವೆ. ಈ ಅಂಟುಗಳು ಲೇಪಗಳಿಗೆ ಗಟ್ಟಿತನವನ್ನು ಕೊಡುತ್ತವೆ. ಪಾಚಿಯ ಸಾರಗಳನ್ನು ಚರ್ಮದ ತೇವರಕ್ಷಣೆಗಾಗಿ ಸೇರಿಸುವುದೂ ಉಂಟು.

ಯೂರೋಪಿನ ಒಕ್ಕೂಟದಲ್ಲಿ ಪ್ರಸಾಧನದ್ರವ್ಯಗಳಿಗೆ ಅನ್ವಯಿಸುವ 2009ರ 1223ನೆಯ ನಿಯಮಾವಳಿಯು ಅವುಗಳ ನಿರಪಾಯತೆಯನ್ನೂ ಘಟಕಗಳ ಪಟ್ಟಿಯನ್ನೂ ವಿಧಿಸಿದೆಯಲ್ಲದೆ ‘ನೈಸರ್ಗಿಕ’, ‘ಸಾವಯವ’ ಎಂಬ ಶಬ್ದಗಳಿಗೆ ಲಕ್ಷಣವನ್ನು ಹೇಳಿಲ್ಲ. 2022ರಿಂದ ಜಾರಿಯಲ್ಲಿರುವ 2018ರ 848ನೆಯ ನಿಯಮಾವಳಿಯು ಸಾವಯವ ಪಾಚಿಗೆ ಲಕ್ಷಣವನ್ನು ಹೇಳುತ್ತದೆ. ಆದರೆ ಪ್ರಸಾಧನದ್ರವ್ಯಗಳು ಅದರ ವ್ಯಾಪ್ತಿಯಲ್ಲಿಲ್ಲ. 2016 ಮತ್ತು 2017ರಲ್ಲಿ ಪ್ರಕಟವಾದ ಐಎಸ್ಒ 16128 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯು ಘಟಕಗಳ ಲಕ್ಷಣವನ್ನೂ ಲೆಕ್ಕದ ಕ್ರಮವನ್ನೂ ತಿಳಿಸುವುದಾದರೂ ಡಬ್ಬಿಯ ಮೇಲಿನ ಬರಹದ ವಿಷಯದಲ್ಲಿ ಮೌನವಾಗಿದೆ. ಹೀಗೆ ತೆರವಾಗಿ ಉಳಿದ ಸ್ಥಾನವನ್ನು ಖಾಸಗಿ ಸಂಸ್ಥೆಗಳ ಸ್ವಯಂಪ್ರೇರಿತ ಪ್ರಮಾಣೀಕರಣವು ತುಂಬಿದೆ.

ಇವುಗಳಲ್ಲಿ ಮುಖ್ಯವಾದುದು ಕಾಸ್ಮಾಸ್ ಎಂಬ ಮಾನದಂಡ. ಜರ್ಮನಿ, ಫ್ರಾನ್ಸ್, ಇಟಲಿ, ಬ್ರಿಟನ್ನುಗಳ 5 ಸಂಸ್ಥೆಗಳು ಕೂಡಿ ಇದನ್ನು ರೂಪಿಸಿದುವು. ಇದರಲ್ಲಿ ‘ನೈಸರ್ಗಿಕ’, ‘ಸಾವಯವ’ ಎಂದು ಎರಡು ಮುದ್ರೆಗಳಿವೆ. ಸಾವಯವ ಮುದ್ರೆಗೆ ಎರಡು ಪ್ರಮಾಣಗಳು ಕೂಡಿಬರಬೇಕು: ಒಣಗಿಸುವುದು, ಅರೆಯುವುದು, ಹಿಂಡುವುದು ಮೊದಲಾದ ಭೌತಿಕ ಕ್ರಿಯೆಗಳಿಂದಷ್ಟೇ ಸಿದ್ಧವಾದ ಸಸ್ಯಾದಿ ಘಟಕಗಳಲ್ಲಿ ನೂರಕ್ಕೆ 95 ಭಾಗ ಸಾವಯವವಾಗಿರಬೇಕು, ಇಡೀ ಪದಾರ್ಥದ ತೂಕದಲ್ಲಿ ನೂರಕ್ಕೆ 20 ಭಾಗವಾದರೂ ಸಾವಯವವಾಗಿರಬೇಕು. ತೊಳೆದುಬಿಡತಕ್ಕ ಕೆಲವು ಪದಾರ್ಥಗಳಿಗೆ ಈ ಎರಡನೆಯ ಪ್ರಮಾಣ 10 ಮಾತ್ರ. ನೀರು ಸಾವಯವದ ಲೆಕ್ಕಕ್ಕೆ ಸೇರದು.

ಈ ಲೆಕ್ಕದ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. 100 ಗ್ರಾಂ ಲೇಪದಲ್ಲಿ 24 ಗ್ರಾಂ ಸಾವಯವ ಸೂರ್ಯಕಾಂತಿಯೆಣ್ಣೆಯೂ, ಪ್ರಮಾಣೀಕೃತವಲ್ಲದ 1 ಗ್ರಾಂ ಪಾಚಿಯ ಪುಡಿಯೂ ಇವೆಯೆನ್ನೋಣ. ಉಳಿದುದು ನೀರು ಮುಂತಾದುವು. ಸಸ್ಯಾದಿ ಘಟಕಗಳು ಒಟ್ಟು 25 ಗ್ರಾಂ. ಅವುಗಳಲ್ಲಿ ಸಾವಯವವು ನೂರಕ್ಕೆ 96. ಇಡೀ ಲೇಪದಲ್ಲಿ ನೂರಕ್ಕೆ 24. ಆದುದರಿಂದ ಈ ಎರಡು ಪ್ರಮಾಣಗಳನ್ನಷ್ಟೇ ನೋಡಿದರೆ ಲೇಪವು ತೇರ್ಗಡೆಯಾಗುತ್ತದೆ. ಡಬ್ಬಿಯ ಮೇಲೆ ಚಿತ್ರವಿರುವುದು ಪಾಚಿಯದು. ಮುದ್ರೆಯನ್ನು ಗಳಿಸಿಕೊಟ್ಟುದು ಎಣ್ಣೆ!

ಇನ್ನು ಪಾಚಿಯೇ ಸಾವಯವವಾಗಬೇಕಾದರೆ ಪರೀಕ್ಷೆ ನಡೆಯುವುದು ನೆಲದ ಮೇಲಲ್ಲ, ನೀರಿನಲ್ಲಿ. ಮೇಲೆ ಹೇಳಿದ 2018ರ ನಿಯಮಾವಳಿಯಂತೆ ಅದು ಬೆಳೆಯುವ ನೀರು ಉತ್ತಮ ಗುಣದ್ದಾಗಿರಬೇಕು; ತಾನಾಗಿ ಬೆಳೆದುದನ್ನು ಕೊಯ್ಯುವಾಗ ಪಾಚಿಯು ಮರಳಿ ಚಿಗುರುವುದಕ್ಕೂ ಅದನ್ನು ಆಶ್ರಯಿಸಿದ ಜೀವರಾಶಿಗೂ ಕೇಡು ತಟ್ಟಬಾರದು. ಕಡಲಿಗೆ ಬೇಲಿಯಿಲ್ಲದಿರುವುದರಿಂದ ಕೊಯ್ಯುವವನ ಸಂಯಮವೂ ಅವನು ಇಡುವ ಲೆಕ್ಕಪತ್ರವೂ ಇಲ್ಲಿ ಹೊಲದ ಬದುವಿನ ಕೆಲಸವನ್ನು ಮಾಡುತ್ತವೆ. ಪಾಚಿಯ ತೋಪು ಬೋಳಾದರೆ ಮೀನುಮರಿಗಳಿಗೆ ನೆಲೆ ತಪ್ಪುವುದು. ಕೊಯ್ದು ಬಾಳುವವರ ಜೀವನವೂ ಕೆಡುವುದು.

ಈ ಮುದ್ರೆಯು ಲೇಪದ ಗುಣಕ್ಕೆ ಸಾಕ್ಷಿಯಲ್ಲ. ನಿರಪಾಯತೆಯಾದರೋ ಮುದ್ರೆಯಿರಲಿ ಇಲ್ಲದಿರಲಿ, ಕಾನೂನು ಎಲ್ಲಕ್ಕೂ ವಿಧಿಸಿದುದು. ಮುದ್ರೆಯು ಸಾಕ್ಷಿ ನುಡಿಯುವುದು ಘಟಕಗಳ ಮೂಲಕ್ಕೂ ಸಂಸ್ಕರಣದ ರೀತಿಗೂ ಮಾತ್ರ. ಘಟಕಗಳ ಪಟ್ಟಿಯಲ್ಲಿ ಸಾವಯವವಾದುವನ್ನು ಸಾಮಾನ್ಯವಾಗಿ ನಕ್ಷತ್ರಚಿಹ್ನೆಯಿಂದ ಗುರುತಿಸಿರುತ್ತಾರೆ. ಆ ಚಿಹ್ನೆಯು ಪಾಚಿಯ ಹೆಸರಿನ ಮುಂದೆ ಇದೆಯೋ ಎಣ್ಣೆಯ ಹೆಸರಿನ ಮುಂದೆ ಇದೆಯೋ ಎಂದು ನೋಡಿದವರಿಗೆ, ಮುದ್ರೆಯು ಕಡಲಿನ ಮಾತನ್ನು ಹೇಳುತ್ತಿದೆಯೋ ಹೊಲದ ಮಾತನ್ನು ಹೇಳುತ್ತಿದೆಯೋ ಎಂಬುದು ತಿಳಿದೀತು.