ಹಳದಿಯಾದುದೆಲ್ಲ ಹಿತ್ತಾಳೆಯಲ್ಲ!

ಹೊಸ ಕಪಾಟು ಮಾಡಿಸುವಾಗ ಮರವನ್ನು ಹತ್ತು ಸಲ ಪರೀಕ್ಷಿಸುತ್ತೇವೆ. ಹಿಡಿಕೆಗಳನ್ನು ಮಾತ್ರ ಹೊಳಪು ನೋಡಿ ತಂದುಬಿಡುತ್ತೇವೆ. ಹಿತ್ತಾಳೆಯಂತೆ ಕಾಣುವ ಎಷ್ಟೋ ಹಿಡಿಕೆಗಳು ಸತುವಿನ ಮಿಶ್ರಲೋಹದ ಎರಕಗಳು. ಮೇಲಿನ ತೆಳು ಲೇಪ ಸವೆದಾಗ ಒಳಗಿನ ಬೂದು ಬಣ್ಣ ಇಣುಕುತ್ತದೆ.

ಗುರುತಿಸುವುದು ಹೇಗೆ? ಮೊದಲು ಒಂದೇ ಹಿಡಿಕೆ ಕೊಳ್ಳಿ. ತಿರುಪು ತೆಗೆದು, ಗ್ರಾಂ ಲೆಕ್ಕದಲ್ಲಿ ತೂಗಿ. ಅಳತೆ ಜಾಡಿಯ ನೀರಿನಲ್ಲಿ ಪೂರ್ತಿ ಮುಳುಗಿಸಿ, ನೀರು ಎಷ್ಟು ಮಿಲಿಲೀಟರ್ ಏರಿತೆಂದು ಮಕ್ಕಳೇ ಬರೆದುಕೊಳ್ಳಲಿ. ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 85 ಗ್ರಾಂ ತೂಗುವ ಹಿಡಿಕೆ 10 ಮಿಲಿಲೀಟರ್ ನೀರನ್ನು ಏರಿಸಿದರೆ ಸಾಂದ್ರತೆ 8.5, ಅದು ಹಿತ್ತಾಳೆ. ಉತ್ತರ 6.7ರ ಆಸುಪಾಸಿನಲ್ಲಿದ್ದರೆ ಸತುವಿನ ಮಿಶ್ರಲೋಹ, 2.7 ಇದ್ದರೆ ಅಲ್ಯೂಮಿನಿಯಂ. ಒಳಗೆ ಟೊಳ್ಳಾಗಿ ಮುಚ್ಚಿದ ಹಿಡಿಕೆಗೆ ಈ ಲೆಕ್ಕ ಒಪ್ಪದು.

ಆಯ್ಕೆ ಊರಿನ ಹವೆಯನ್ನೂ ಅವಲಂಬಿಸಿದೆ. ಕರಾವಳಿಯ ಉಪ್ಪುಗಾಳಿಗೆ ಮಾಲಿಬ್ಡಿನಂ ಬೆರೆತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಉತ್ತಮ. ಗಟ್ಟಿ ಹಿತ್ತಾಳೆ ಮಂಕಾದರೂ ಚಿಂತೆಯಿಲ್ಲ. ಹುಣಸೆಹಣ್ಣಿನ ಆಮ್ಲ ಆ ಕಪ್ಪನ್ನು ಕರಗಿಸುತ್ತದೆ. ಲೇಪದ ಹಿಡಿಕೆಯನ್ನು ಹಾಗೆ ತಿಕ್ಕಿದರೆ ಇದ್ದ ಹೊಳಪೂ ಹೋದೀತು.

ಪಠ್ಯದಲ್ಲಿ ಓದಿದ ಆರ್ಕಿಮಿಡೀಸ್ ಪರೀಕ್ಷೆಯ ಅಂಕಕ್ಕಷ್ಟೇ ಅಲ್ಲ, ಅಪ್ಪನ ಜೇಬಿಗೂ ಒದಗಲಿ.