ಅಜ್ಜಿಯ ಮಂಕರಿ ಕೆಳಗೊಂದು ಸಂಸಾರ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಎಂದರೆ ಇತಿಹಾಸ ಬಲ್ಲವರಿಗೆ ನೆನಪಾಗುವುದು ಪಾಳೆಯಗಾರರು ಮತ್ತು ಗಾಜಿನ ಬಳೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಬಳೆ ತಯಾರಿಕೆಯ ಬಗ್ಗೆ ಬರೆದಿಟ್ಟಿದ್ದಾನೆ. ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿಕೊಂಡ ಅಜ್ಜಿಯರಿಗೆ ಮಾತ್ರ ಗೆಜೆಟಿಯರುಗಳಲ್ಲಿ ಜಾಗ ಸಿಗುವುದು ಕಷ್ಟ. ಆದರೆ ಮತ್ತೋಡು ಹೋಬಳಿಯಿರಲಿ, ಹಿರಿಯೂರು, ಹೊಳಲ್ಕೆರೆ ಕಡೆಯ ಹಳ್ಳಿಗಳಿರಲಿ, ಬೀದಿಯ ನಗು, ಜಗಳ, ಶಾಪ, ರಾಜಿ ಎಲ್ಲಕ್ಕೂ ಅರ್ಧಪಾಲು ಕಾರಣ ಈ ಅಜ್ಜಿಯರ ಕೋಳಿಗಳೇ!

ಬೆಳಗಾಗುತ್ತಲೇ ಅಜ್ಜಿ ಕವುಚಿದ ಮಂಕರಿಯನ್ನು ಒಂದು ಗೇಣು ಎತ್ತುತ್ತಾಳೆ. ಹುಂಜಕ್ಕೆ ತಕ್ಷಣ ಬಿಡುಗಡೆ. ಹ್ಯಾಟೆಗಳಿಗೆ ಹಾಗಲ್ಲ, ಒಂದೊಂದನ್ನೇ ಹಿಡಿದು ಬೆರಳಿನಲ್ಲಿ ಮುಟ್ಟಿ ನೋಡಿ, ಮೊಟ್ಟೆ ಇದೆ ಎನ್ನಿಸಿದರೆ ಮತ್ತೆ ಒಳಗೆ. ಮೊಟ್ಟೆ ಇಟ್ಟ ಮೇಲೇ ಹೊರಗೆ. ಇಷ್ಟು ಬಿಗಿ ಯಾಕೆಂದರೆ, ಬಿಟ್ಟ ಹ್ಯಾಟೆ ನೆಟ್ಟಗೆ ಹೋಗಿ ಮೊಟ್ಟೆ ಇಡುವುದು ಪಕ್ಕದ ಮನೆಯ ಹುಲ್ಲಿನ ಬಣವೆಯಲ್ಲಿ. ಆಮೇಲೆ ಶುರುವಾಗುವ ಮೊಕದ್ದಮೆಗೆ ಯಾವ ವಕೀಲರೂ ಸಾಲರು.

'ನಿನ್ನ ಬಣವೇಲಿ ಇಟ್ಟರೆ ನಿನ್ನ ಮೊಟ್ಟೆ ಆಗಿಬಿಡ್ತದೇನೆ? ಕಾಳು ತಿಂದದ್ದು ನನ್ನ ಮನೇಲಿ!'

'ಕಾಳು ನಿಂದು, ಹುಳ ಹುಪ್ಪಟೆ ಎಲ್ಲಾ ನನ್ನ ತಿಪ್ಪೇದು ಕಣೆ!'

ಇಂಥ ವಾದಕ್ಕೆ ತೀರ್ಪು ಸಿಕ್ಕಿದ್ದನ್ನು ಕಂಡವರಿಲ್ಲ. ಮೊಟ್ಟೆ ಮಾತ್ರ ಅಷ್ಟರಲ್ಲಿ ಯಾರದೋ ಮೊಮ್ಮಗನ ಹೊಟ್ಟೆ ಸೇರಿರುತ್ತದೆ.

ಕೋಳಿ ಕಳೆದ ಸಂಜೆಯ ಕಥೆ ಇನ್ನೂ ದೊಡ್ಡದು. ಲೆಕ್ಕಕ್ಕೆ ಒಂದು ಹ್ಯಾಟೆ ಕಡಿಮೆ ಬಿತ್ತೋ, ಅಜ್ಜಿ ಬೀದಿಯ ನಡುವೆ ನಿಂತು, ಯಾರ ಹೆಸರನ್ನೂ ಹೇಳದೆ ಎಲ್ಲರಿಗೂ ಮುಟ್ಟುವಂತೆ ಶಾಪ ಹಾಕಲು ತೊಡಗುತ್ತಾಳೆ. ತಿಂದವರ ನಾಲಿಗೆಯಿಂದ ಹಿಡಿದು ಅವರ ಸೂರಿನವರೆಗೆ ಯಾವುದನ್ನೂ ಬಿಡುವುದಿಲ್ಲ. ಮೂರು ವಾರ ಕಳೆಯುತ್ತದೆ. ಕಾವು ಕೂತ ಕೋಳಿ ಮರಿ ಮಾಡಲು ಬೇಕಾಗುವುದು 21 ದಿನ. ಒಂದು ಬೆಳಿಗ್ಗೆ ಬಣವೆಯ ಸಂದಿಯಿಂದ ಕಳೆದುಹೋದ ಹ್ಯಾಟೆ ಹತ್ತು ಮರಿಗಳ ಮೆರವಣಿಗೆಯೊಂದಿಗೆ ಠೀವಿಯಿಂದ ಹೊರಬರುತ್ತದೆ! ಈಗ ಬೀದಿಯವರ ಸರದಿ. 'ನಮಗೆ ಹಾಕಿದ ಶಾಪ ವಾಪಸ್ ತಗಾ ಅಜ್ಜಿ' ಎಂದು ಎಲ್ಲರೂ ಗಂಟು ಬೀಳುತ್ತಾರೆ. ಅಜ್ಜಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಕೇಳುವುದಿಲ್ಲ.

ವಿದ್ಯಾರ್ಥಿ ಮಿತ್ರರು ಇಲ್ಲಿ ಗಮನಿಸಬೇಕಾದದ್ದೊಂದಿದೆ. ಕಾಳು ಎರಚಿದಾಗ ಯಾವ ಕೋಳಿ ಮೊದಲು ತಿನ್ನುತ್ತದೆ, ಯಾವುದು ಕುಟುಕಿಸಿಕೊಂಡು ಹಿಂದೆ ಸರಿಯುತ್ತದೆ ಎಂಬುದನ್ನು ಅಜ್ಜಿ ಕಣ್ಣುಮುಚ್ಚಿ ಹೇಳಬಲ್ಲಳು. ನಾರ್ವೆ ದೇಶದ ಥಾರ್ಲೀಫ್ ಶೆಲ್ಡರುಪ್-ಎಬ್ಬೆ ಎಂಬಾತನಿಗೂ ಬಾಲ್ಯದಲ್ಲೇ ಈ ಹುಚ್ಚು ಹಿಡಿದಿತ್ತು. ಯಾವ ಕೋಳಿ ಯಾವುದನ್ನು ಕುಟುಕಿತು ಎಂದು ಹುಡುಗನಾಗಿದ್ದಾಗಲೇ ಗಮನಿಸಿ ಬರೆದಿಡುತ್ತಿದ್ದ. ಮುಂದೆ 1920ರ ದಶಕದ ಆರಂಭದಲ್ಲಿ ಅದೇ ಅವನ ಸಂಶೋಧನೆಯಾಯಿತು. ಪ್ರಾಣಿಗಳ ಗುಂಪಿನಲ್ಲಿ ಮೇಲು ಕೀಳಿನ ಸಾಲು ಇರುತ್ತದೆಂಬ ವಿಚಾರ ವಿಜ್ಞಾನದಲ್ಲಿ ಬೇರೂರಿದ್ದು ಹೀಗೆ. ಕೋಳಿ ನೋಡುತ್ತಾ ಕೂತ ಮಗನನ್ನು 'ಓದೋ' ಎಂದು ಗದರುವ ಮುನ್ನ ತಂದೆತಾಯಿಗಳು ಒಂದು ಗಳಿಗೆ ಯೋಚಿಸಬಹುದು.

ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದು ನಂಬಿದ ಅಜ್ಜಿಯ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಹುಂಜದ ಪಾಲಿಗೆ ಕತೆ ಬೇರೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹುಂಜಗಳನ್ನು ಸದಾ ಮಬ್ಬು ಬೆಳಕಿನಲ್ಲಿಟ್ಟು ನೋಡಿದರು. ಬೆಳಗಾಗುವ ಸುಳಿವೇ ಇಲ್ಲದಿದ್ದರೂ ಅವು ಹೊತ್ತಿಗೆ ಸರಿಯಾಗಿ ಕೂಗಿದವು. ಗಡಿಯಾರ ಅವುಗಳ ಮೈಯೊಳಗೇ ಇದೆಯೆಂದು 2013ರಲ್ಲಿ ಪ್ರಕಟಿಸಿದರು. ಎರಡು ವರ್ಷದ ನಂತರ ಇನ್ನೊಂದು ಸಂಗತಿ ತಿಳಿಯಿತು: ಗುಂಪಿನಲ್ಲಿ ಮೊದಲು ಕೂಗುವ ಹಕ್ಕು ಯಜಮಾನ ಹುಂಜನದು. ಉಳಿದವು ಸರದಿಯಲ್ಲಿ ಕಾಯಬೇಕು. ಗ್ರಾಮಸಭೆಯಲ್ಲಿ ಮಾತಾಡುವವರ ಸಾಲನ್ನು ನೋಡಿದವರಿಗೆ ಇದೇನೂ ಹೊಸದೆನಿಸದು.

ಕಾವಿಗೆ ಇಡುವುದಂತೂ ಅಜ್ಜಿಯರ ಪಾಲಿಗೆ ಒಂದು ಶಾಸ್ತ್ರವೇ ಸರಿ. ಬೆಸ ಸಂಖ್ಯೆಯಲ್ಲೇ ಮೊಟ್ಟೆ ಇಡಬೇಕು, ಗುಡುಗಿಗೆ ಕೆಡದಂತೆ ಬುಟ್ಟಿಯಲ್ಲಿ ಕಬ್ಬಿಣದ ತುಂಡು, ಇದ್ದಿಲು ಇರಬೇಕು. ಕಬ್ಬಿಣಕ್ಕೂ ಗುಡುಗಿಗೂ ಸಂಬಂಧವಿಲ್ಲವೆಂದು ಮೇಷ್ಟರು ಹೇಳಿದರೆ ಅಜ್ಜಿ ತಲೆಯಾಡಿಸುತ್ತಾಳೆ, ತುಂಡನ್ನು ಮಾತ್ರ ತೆಗೆಯುವುದಿಲ್ಲ. ಆದರೆ ಕಾವಿಗಿಡುವ ಮೊಟ್ಟೆಯನ್ನು ತಂಪಾದ ಕತ್ತಲೆ ಮೂಲೆಯಲ್ಲಿ ರಾಗಿಯ ಗಡಿಗೆಯೊಳಗೆ ಹುದುಗಿಸುವ ಅವಳ ಪದ್ಧತಿಯಲ್ಲಿ ತಥ್ಯವಿದೆ. ಚಿತ್ರದುರ್ಗದ ಬೇಸಿಗೆಯ ಸೆಕೆಗೆ ಮೊಟ್ಟೆಯೊಳಗಿನ ಜೀವ ಕಾವಿಲ್ಲದೆಯೇ ಅರೆಬರೆ ಬೆಳೆದು ಸತ್ತುಹೋಗುತ್ತದೆ. ಬೇಡದ ಹೊತ್ತಿನಲ್ಲಿ ಕಾವಿಗೆ ಕೂತ ಕೋಳಿಯನ್ನು ನೀರಿನಲ್ಲಿ ಅದ್ದುವುದು, ಅದರ ಗರಿಯನ್ನೇ ಮೂಗಿಗೆ ಚುಚ್ಚುವುದು ಹಳೆಯ ಚಿಕಿತ್ಸೆಗಳು. ಎರಡನೆಯದು ಹಿಂಸೆ, ಬಿಟ್ಟರೆ ಒಳ್ಳೆಯದು.

ಇನ್ನು ಗಿರಿರಾಜ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಬಿಡುಗಡೆ ಮಾಡಿದ ಈ ತಳಿ ಹಿತ್ತಿಲ ಸಾಕಣೆಗೆಂದೇ ರೂಪುಗೊಂಡದ್ದು. ನಾಟಿ ಹ್ಯಾಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಇದು ಅದರ ಎರಡು ಪಟ್ಟಿಗೂ ಮೀರಿ ಇಡುತ್ತದೆ. ಅಜ್ಜಿಯರ ತಕರಾರು ಒಂದೇ: ಅದಕ್ಕೆ ತಾಯ್ತನ ಗೊತ್ತಿಲ್ಲ, ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗಿಟ್ಟು ಮರಿ ಮಾಡಿಸುವ ಉಪಾಯವನ್ನು ಹಳ್ಳಿಗಳಲ್ಲಿ ಕಂಡುಕೊಂಡರು. ಆದರೆ ತಳಿಯ ಗುಣ ಆ ಮರಿಗಳಲ್ಲಿ ಪೂರ್ತಿ ಉಳಿಯದು.

ನಗೆಯ ಮಾತು ಇಲ್ಲಿಗೆ ಸಾಕು. ಮೊಟ್ಟೆ ಮಾರಿದ ದುಡ್ಡು ಅಜ್ಜಿಯ ಎಲೆಅಡಿಕೆ ಸಂಚಿಯಲ್ಲಿರುತ್ತದೆ. ಅದು ಮಗನದಲ್ಲ, ಸೊಸೆಯದಲ್ಲ. ಮೊಮ್ಮಗಳ ನೋಟುಬುಕ್ಕು, ಜಾತ್ರೆಯ ಬೆಂಡು ಬತ್ತಾಸು ಅದರಿಂದಲೇ ಬರಬೇಕು. ಈ ಸಂಚಿಯನ್ನು ಒಂದೇ ವಾರದಲ್ಲಿ ಬರಿದು ಮಾಡುವುದು ಕೊಕ್ಕರೆ ರೋಗ. ಕೋಳಿ ಮಂಕಾಗಿ ತೂಕಡಿಸುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಕತ್ತು ತಿರುಚಿಕೊಳ್ಳುತ್ತದೆ. ಬಂದ ಮೇಲೆ ಔಷಧವಿಲ್ಲ. ಬರದಂತೆ ತಡೆಯಲು ಲಸಿಕೆಯುಂಟು: ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ಸುಮಾರು ಎಂಟು ವಾರಕ್ಕೆ ಚುಚ್ಚುಮದ್ದು.

ತೊಂದರೆ ಇರುವುದು ಸೀಸೆಯಲ್ಲಿ. ಸಾಮಾನ್ಯವಾಗಿ ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಲಸಿಕೆ. ಐಸಿನಲ್ಲಿಟ್ಟು ತರಬೇಕು, ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಅಜ್ಜಿಯ ಹತ್ತಿರ ಇರುವುದು ಐದೋ ಹತ್ತೋ ಕೋಳಿ. ಹಾಗಾಗಿ ಮೊಟ್ಟೆಗಾಗಿ ಜಗಳವಾಡಿ ಮಾತುಬಿಟ್ಟ ಇಡೀ ಬೀದಿ ಒಂದು ದಿನದ ಮಟ್ಟಿಗೆ ಒಂದಾಗಬೇಕು. ಪಶು ಆಸ್ಪತ್ರೆಗೆ ಹೋಗಿ ವಿಚಾರಿಸುವುದು, ಮನೆಮನೆಗೆ ಹೋಗಿ ಕೋಳಿ ಎಣಿಸಿ ಪಟ್ಟಿ ಮಾಡುವುದು ಹೈಸ್ಕೂಲು ಹುಡುಗ ಹುಡುಗಿಯರಿಗೆ ಹೇಳಿ ಮಾಡಿಸಿದ ಕೆಲಸ. ಅವರಿಗೆ ಯಾವ ಮನೆಯ ಜೊತೆಗೂ ಜಗಳವಿಲ್ಲ.

ಆದರೆ ಎಣಿಕೆಯನ್ನು ಹಗಲಿನಲ್ಲಿ ಮಾಡಬೇಡಿ. ಎಷ್ಟು ಕೋಳಿ ಎಂದು ಕೇಳಿದರೆ ಕಣ್ಣು ತಾಕೀತೆಂಬ ಭಯಕ್ಕೆ ಯಾವ ಅಜ್ಜಿಯೂ ನಿಜ ಹೇಳುವುದಿಲ್ಲ. 'ಎಲ್ಲೈತಪ್ಪಾ, ಒಂದ್ ನಾಕೈದವೆ' ಎಂದುಬಿಡುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಹೋಗಿ ಮಂಕರಿ ಎತ್ತಿ ನೋಡಿದರೆ ಹನ್ನೊಂದು ಇರುತ್ತವೆ. ಅದರಲ್ಲಿ ಒಂದು ಪಕ್ಕದ ಮನೆಯದು.